ಗಡಿ ದಾಟಿದ ಹೆಸರು

ಎರಡು ಕಟ್ಟಡ, ಎರಡು ಸಬ್‌ನೆಟ್ ಅಂದರೆ ಜಾಲದ ಎರಡು ತುಂಡು, ನಡುವೆ ಒಂದು ರೌಟರ್. ಒಂದು ಕಟ್ಟಡದ ಸರ್ವರಿನಲ್ಲಿ ಎಲ್ಲರಿಗೂ ಬೇಕಾದ ಕಡತಗಳಿವೆ. ಇನ್ನೊಂದು ಕಟ್ಟಡದ ಕಂಪ್ಯೂಟರಿನ ಮುಂದೆ ಕೂತು ಆ ಸರ್ವರಿನ ಐಪಿ ಸಂಖ್ಯೆ ಒತ್ತಿದರೆ ಕಡತಗಳು ತಕ್ಷಣ ತೆರೆದುಕೊಳ್ಳುತ್ತವೆ. ಅದೇ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಪಟ್ಟಿ ತೆರೆದು ನೋಡಿದರೆ ಸರ್ವರಿನ ಹೆಸರೇ ಇಲ್ಲ. ತಂತಿ ಸರಿಯಿದೆ, ಪಾಸ್‌ವರ್ಡ್ ಸರಿಯಿದೆ, ಸರ್ವರ್ ಕೆಲಸ ಮಾಡುತ್ತಲೇ ಇದೆ. ಕಾಣುವುದಿಲ್ಲ, ಅಷ್ಟೆ. ಮೂವತ್ತು ವರ್ಷಗಳಿಂದ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರನ್ನು ಕಾಡಿರುವ ಒಗಟು ಇದು. ಇದನ್ನು ಬಿಡಿಸಿದ ಕತೆಯಲ್ಲಿ ದೊಡ್ಡ ಕಂಪನಿಗಳೂ ಇವೆ, ಕ್ಯಾನ್‌ಬೆರಾದ ಒಬ್ಬ ಸಂಶೋಧನಾ ವಿದ್ಯಾರ್ಥಿಯೂ ಇದ್ದಾನೆ.

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಶೇಗಾಂವದಂಥ ಊರುಗಳಿಗೆ ಈ ಕತೆ ಮುಟ್ಟಬೇಕು ಎಂಬುದು ನನ್ನ ಆಸೆ. ಒಂದು ಕಡೆ ಅಥಣಿ, ಇನ್ನೊಂದು ಕಡೆ ವಿಜಯಪುರ ಇರುವ ಈ ಬರದ ಸೀಮೆಯಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಈ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೇ ಹೊರತರುತ್ತದೆ. ಆ ಪುಸ್ತಕಗಳ ಪಿಡಿಎಫ್, ಪಾಠದ ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ಒಮ್ಮೆ ಇಳಿಸಿ ಶಾಲೆಯ ಒಂದು ಸರ್ವರಿನಲ್ಲಿಟ್ಟರೆ ಇಂಟರ್‌ನೆಟ್ ಕೈಕೊಟ್ಟ ದಿನವೂ ಪಾಠ ನಡೆಯುತ್ತದೆ. ಆದರೆ ಐಪಿ ಸಂಖ್ಯೆಯನ್ನು ನೆನಪಿಟ್ಟು ಒತ್ತುವ ಕೆಲಸ ಐದನೆಯ ತರಗತಿಯ ಮಗುವಿನದಲ್ಲ. ಪಟ್ಟಿಯಲ್ಲಿ ಹೆಸರು ಕಾಣಬೇಕು, ಮಗು ಅದನ್ನು ಒತ್ತಬೇಕು.

ಕೂಗಿ ಹೇಳುವ ಪದ್ಧತಿ

ಹೆಸರು ಕಾಣದಿರುವುದರ ಬೇರು 1983ರಲ್ಲಿದೆ. ಆಗ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಹೊರಟಿತ್ತು. ಅದಕ್ಕಾಗಿ ಸೈಟೆಕ್ ಎಂಬ ಕಂಪನಿ ನೆಟ್‌ಬಯಾಸ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಕಡತ ಹಂಚಿಕೆಯ ಭಾಷೆಯೊಂದನ್ನು ರೂಪಿಸಿದರು. ಮುಂದೆ ಎಸ್‌ಎಂಬಿ ಎಂದು ಹೆಸರಾದದ್ದು, ಇಂದಿಗೂ ವಿಂಡೋಸ್‌ನಲ್ಲಿ ಕಡತ ಹಂಚಿಕೆಯ ಜೀವಾಳವಾಗಿರುವುದು ಅದೇ.

ನೆಟ್‌ಬಯಾಸ್‌ನಲ್ಲಿ ಹೆಸರುಗಳನ್ನು ಬರೆದಿಡುವ ಪುಸ್ತಕ ಇರಲಿಲ್ಲ. ಪ್ರತಿ ಯಂತ್ರಕ್ಕೆ 15 ಅಕ್ಷರಗಳವರೆಗಿನ ಒಂದು ಹೆಸರು. ಹದಿನಾರನೆಯ ಬೈಟ್ ಆ ಯಂತ್ರ ಏನು ಕೆಲಸ ಮಾಡುತ್ತದೆ ಎಂಬುದನ್ನು ಹೇಳುತ್ತದೆ. ಯಂತ್ರ ಚಾಲೂ ಆದಕೂಡಲೇ ತಂತಿಯ ಮೇಲೆ ಎಲ್ಲರಿಗೂ ಕೇಳುವಂತೆ ಈ ಹೆಸರು ನನ್ನದು, ಯಾರದಾದರೂ ತಕರಾರಿದೆಯೇ ಎಂದು ಕೂಗುತ್ತದೆ. ಯಾರೂ ಎದುರಾಡದಿದ್ದರೆ ಹೆಸರು ಅದರದಾಯಿತು. ಇನ್ನೊಂದು ಯಂತ್ರವನ್ನು ಹುಡುಕುವಾಗಲೂ ಕೂಗುವುದೇ. ಹಳ್ಳಿಯಲ್ಲಿ ಡಂಗುರ ಸಾರುವ ಪದ್ಧತಿಯಂತೆ ಇದು. ಜತ್ತದ ಕಡೆ ಮರಾಠಿ ಮಂದಿ ಇದನ್ನೇ ದವಂಡಿ ಎನ್ನುತ್ತಾರೆ. ಊರು ಚಿಕ್ಕದಾಗಿದ್ದರೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಆದರೆ ಶೇಗಾಂವದ ಡಂಗುರ ಶೇಗಾಂವದ ಸೀಮೆಯೊಳಗೇ ಮುಗಿಯುತ್ತದೆ.

ಜಾಲಗಳೇನೋ ಚಿಕ್ಕದಾಗಿ ಉಳಿಯಲಿಲ್ಲ. ಅಕ್ಟೋಬರ್ 1984ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಲ್ ದೊಡ್ಡ ಜಾಲವನ್ನು ಸಬ್‌ನೆಟ್‌ಗಳಾಗಿ ಒಡೆಯುವ ಬಗೆಯನ್ನೂ ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಕೇಳುವ ಈ ಕೂಗು, ಹೇಗೆ ನಡೆಯಬೇಕು ಎಂಬುದನ್ನೂ ವಿವರಿಸುವ ಪ್ರಬಂಧಗಳನ್ನು ಪ್ರಕಟಿಸಿದರು. ಆಗಸ್ಟ್ 1985ರಲ್ಲಿ ಅವರೂ ಜಾನ್ ಪೋಸ್ಟೆಲ್ ಅವರೂ ಸೇರಿ ಬರೆದ ಆರ್‌ಎಫ್‌ಸಿ 950 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ) ಸಬ್‌ನೆಟ್‌ಗೆ ಗಟ್ಟಿಯಾದ ನಿಯಮ ಕೊಟ್ಟಿತು. ಒಡೆಯುವುದರ ದೊಡ್ಡ ಲಾಭವೆಂದರೆ ಒಂದು ತುಂಡಿನ ಕೂಗಾಟ ಇನ್ನೊಂದು ತುಂಡನ್ನು ಕೆಡಿಸುವುದಿಲ್ಲ. ಬ್ರಾಡ್‌ಕಾಸ್ಟ್ ಬಂದಾಗ ರೌಟರ್ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಸಾವಿರ ಯಂತ್ರಗಳ ಕೂಗು ಸಾವಿರ ಯಂತ್ರಗಳಿಗೂ ಕೇಳಿಸತೊಡಗಿದರೆ ಜಾಲ ಉಸಿರುಗಟ್ಟುತ್ತದೆ. ಆದ್ದರಿಂದ ರೌಟರ್ ಮಾಡುವುದು ಸರಿಯಾದ ಕೆಲಸವೇ. ಕೂಗಿನ ಮೇಲೆಯೇ ನಿಂತ ನೆಟ್‌ಬಯಾಸ್‌ಗೆ ಮಾತ್ರ ಆ ಸರಿಯಾದ ಕೆಲಸವೇ ಅಡ್ಡಗೋಡೆಯಾಯಿತು.

ಉತ್ತರ ಕಾಗದದ ಮೇಲೆ ಬೇಗ ಬಂತು. ಮಾರ್ಚ್ 1987ರ ಆರ್‌ಎಫ್‌ಸಿ 1001 ಮತ್ತು 1002 ನೆಟ್‌ಬಯಾಸ್ ಅನ್ನು ಇಂಟರ್‌ನೆಟ್ ನಿಯಮಗಳ ಮೇಲೆ ಹೇಗೆ ಓಡಿಸಬೇಕೆಂದು ವಿವರಿಸಿದವು. ಕೂಗುವ ಯಂತ್ರಗಳ ಜೊತೆಗೆ ಇನ್ನೊಂದು ಬಗೆಯ ಯಂತ್ರವನ್ನೂ ಅವು ಕಲ್ಪಿಸಿದ್ದವು. ಅದು ಕೂಗುವುದಿಲ್ಲ. ಹೆಸರಿನ ಸರ್ವರ್ ಒಂದಕ್ಕೆ ನೇರವಾಗಿ ಪತ್ರ ಬರೆದು ತನ್ನ ಹೆಸರನ್ನು ದಾಖಲಿಸುತ್ತದೆ, ಬೇರೆಯವರ ಹೆಸರನ್ನೂ ಅಲ್ಲಿಯೇ ಕೇಳುತ್ತದೆ. ವಿಳಾಸ ಬರೆದ ಪತ್ರವನ್ನು ರೌಟರ್ ತಡೆಯುವುದಿಲ್ಲ. ಇಡೀ ಒಗಟಿನ ಬೀಗದ ಕೈ ಆ ದಾಖಲೆಯಲ್ಲಿ ಇತ್ತು. ಅದನ್ನು ಕೈಗೆತ್ತಿಕೊಳ್ಳುವವರು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು.

ಕ್ಯಾನ್‌ಬೆರಾದಲ್ಲಿ ಕಿವಿಗೊಟ್ಟವನು

ಡಿಸೆಂಬರ್ 1991. ಆಂಡ್ರೂ ಟ್ರಿಜೆಲ್ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಯೂನಿಕ್ಸ್ ಸರ್ವರಿನ ಡಿಸ್ಕನ್ನು ತನ್ನ ಡಾಸ್ ಪಿಸಿಯಿಂದ ಬಳಸಬೇಕಿತ್ತು. ಅದಕ್ಕೆ ಎನ್‌ಎಫ್‌ಎಸ್ ಎಂಬ ಬೇರೊಂದು ತಂತ್ರಾಂಶವೇನೋ ಇತ್ತು. ಆದರೆ ಆತ ಬಳಸುತ್ತಿದ್ದ ಇನ್ನೊಂದು ಪ್ರೋಗ್ರಾಮಿಗೆ ನೆಟ್‌ಬಯಾಸ್ ಬೇಕಿತ್ತು. ಎರಡೂ ಒಟ್ಟಿಗೆ ಓಡುತ್ತಿರಲಿಲ್ಲ. ಬೇರೆಯವರಾಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದರು. ಟ್ರಿಜೆಲ್ ತಂತಿಯ ಮೇಲೆ ಹರಿಯುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಪ್ರೋಗ್ರಾಂ ಬರೆದ.

ಮುಂದಿನದು ತಾಳ್ಮೆಯ ಕೆಲಸ. ಪಿಸಿ ಏನು ಕೇಳಿತು, ಡಿಜಿಟಲ್ ಕಂಪನಿಯ ಪಾತ್‌ವರ್ಕ್ಸ್ ಸರ್ವರ್ ಏನು ಉತ್ತರ ಕೊಟ್ಟಿತು ಎಂದು ಬೈಟ್ ಬೈಟಾಗಿ ನೋಡುವುದು. ಒಂದು ಕಡತ ತೆರೆದಾಗ ಯಾವ ಬೈಟ್ ಬದಲಾಯಿತು, ಮುಚ್ಚಿದಾಗ ಯಾವುದು ಎಂದು ಗುರುತಿಸುವುದು. ಅದೇ ಉತ್ತರವನ್ನು ಯೂನಿಕ್ಸ್ ಯಂತ್ರದಿಂದ ಕೊಡಿಸಿ ಪಿಸಿ ಒಪ್ಪುತ್ತದೆಯೇ ಎಂದು ಪರೀಕ್ಷಿಸುವುದು. ಆ ಭಾಷೆಯ ಹೆಸರೂ ಆತನಿಗೆ ಗೊತ್ತಿರಲಿಲ್ಲ. ಜನವರಿ 1992ರಲ್ಲಿ ತನ್ನ ಪ್ರೋಗ್ರಾಮನ್ನು ಎಲ್ಲರಿಗೂ ತೆರೆದಿಟ್ಟು ಆತ ಪಿಎಚ್‌ಡಿ ಕೆಲಸಕ್ಕೆ ಮರಳಿದ.

ನಿಜವಾದ ಶೋಧ ನಡೆದದ್ದು ಸುಮಾರು ಎರಡು ವರ್ಷದ ನಂತರ. ಹೆಂಡತಿಯ ವಿಂಡೋಸ್ ಪಿಸಿಯನ್ನು ತನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸುವ ಸಂದರ್ಭ ಬಂತು. ಬೇರೆ ಉಪಾಯ ಸಿಗದೆ ತನ್ನ ಹಳೆಯ ಪ್ರೋಗ್ರಾಮನ್ನೇ ಓಡಿಸಿ ನೋಡಿದ. ಅದು ಕೆಲಸ ಮಾಡಿತು! ಡಿಜಿಟಲ್‌ನ ಸರ್ವರಿಗೆ ಕಿವಿಗೊಟ್ಟು ಕಲಿತ ಭಾಷೆ ಮೈಕ್ರೋಸಾಫ್ಟ್‌ನ ಯಂತ್ರಕ್ಕೂ ಅರ್ಥವಾಯಿತು. ಪತ್ರವ್ಯವಹಾರದಲ್ಲಿ ವಿಚಾರಿಸಿದಾಗ ತಾನು ಕಷ್ಟಪಟ್ಟು ಕಂಡುಕೊಂಡದ್ದಕ್ಕೆ ನೆಟ್‌ಬಯಾಸ್, ಎಸ್‌ಎಂಬಿ ಎಂಬ ಹೆಸರುಗಳಿವೆ, ಅಷ್ಟಿಷ್ಟು ದಾಖಲೆಯೂ ಇದೆ ಎಂದು ಗೊತ್ತಾಯಿತು. ಆರ್‌ಎಫ್‌ಸಿ 1001 ಮತ್ತು 1002 ಹೀಗೆ ಸರಿಯಾದ ಕೈಗೆ ಸೇರಿದವು. ಪ್ರೋಗ್ರಾಮಿನ ಮೊದಲ ಹೆಸರು ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ 1994ರಲ್ಲಿ ಅದು ಸಾಂಬಾ ಎಂಬ ಹೊಸ ಹೆಸರು ಪಡೆಯಿತು. ಜೆರೆಮಿ ಆಲಿಸನ್ ಮೊದಲಾದ ಹಲವು ಪ್ರೋಗ್ರಾಮರ್‌ಗಳು ಜೊತೆಗೂಡಿದರು.

ಒಂದಾಗಿ ಕಂಡದ್ದು ಎರಡು

ಆ ವೇಳೆಗೆ ಮೈಕ್ರೋಸಾಫ್ಟ್ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ತಂದಿತ್ತು, 1995ರಲ್ಲಿ ವಿಂಡೋಸ್ 95 ಬಂತು. ಅದರ ತೆರೆಯ ಮೇಲಿದ್ದ ‘ನೆಟ್‌ವರ್ಕ್ ನೈಬರ್‌ಹುಡ್’ ಒತ್ತಿದರೆ ಅಕ್ಕಪಕ್ಕದ ಯಂತ್ರಗಳ ಪಟ್ಟಿ ಬರುತ್ತಿತ್ತು. ಬಳಸುವವರಿಗೆ ಸರಳ, ನಡೆಸುವವರಿಗೆ ತಲೆನೋವು. ಒಂದು ಸಬ್‌ನೆಟ್‌ನ ಯಂತ್ರ ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಕೆಲವೊಮ್ಮೆ ಕಾಣುತ್ತಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಇನ್ನು ಕೆಲವೊಮ್ಮೆ ಪಟ್ಟಿಯಲ್ಲಿ ಇಲ್ಲದ್ದು ಹೆಸರು ಒತ್ತಿದರೆ ತೆರೆಯುತ್ತಿತ್ತು.

ಈ ಗೊಂದಲ ಬಿಡಿಸಿದ ಅರಿವು ಇದು: ಒಂದೇ ಎಂದು ತೋರಿದ ಸಮಸ್ಯೆಯೊಳಗೆ ಎರಡು ಸಮಸ್ಯೆಗಳಿದ್ದವು. ಹೆಸರು ಗೊತ್ತಿದ್ದಾಗ ಅದರ ಐಪಿ ಸಂಖ್ಯೆ ಕಂಡುಹಿಡಿಯುವುದು ಒಂದು. ಯಾವ ಯಾವ ಹೆಸರುಗಳಿವೆ ಎಂದು ತಿಳಿಯುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪೋರ್ಟ್, ಬೇರೆ ಬೇರೆ ಯಂತ್ರಗಳು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆತರೆ ಅರ್ಧ ಮಾತ್ರ ಕಾಣುತ್ತದೆ.

ಮೊದಲನೆಯದಕ್ಕೆ ಮದ್ದು ವಿನ್ಸ್. ಮೈಕ್ರೋಸಾಫ್ಟ್ ಇದನ್ನು 1994ರ ವಿಂಡೋಸ್ ಎನ್‌ಟಿ 3.5ರ ಜೊತೆಗೆ ತಂದಿತು. 1987ರ ದಾಖಲೆಯ ಹೆಸರಿನ ಸರ್ವರಿಗೆ ಆ ಕಂಪನಿ ಕೊಟ್ಟ ರೂಪ ಇದು. ಎಲ್ಲ ಸಬ್‌ನೆಟ್‌ಗಳ ಎಲ್ಲ ಯಂತ್ರಗಳಿಗೂ ವಿನ್ಸ್ ಸರ್ವರಿನ ವಿಳಾಸ ಹೇಳಿಕೊಟ್ಟರೆ ಸಾಕು. ಪ್ರತಿಯೊಂದೂ ತನ್ನ ಹೆಸರನ್ನು ಯುಡಿಪಿ 137ನೆಯ ಪೋರ್ಟಿನ ಮೂಲಕ ಅಲ್ಲಿ ಬರೆಸುತ್ತದೆ.

ಎರಡನೆಯದು ಹೆಚ್ಚು ತೊಡಕಿನದು. ಪಟ್ಟಿಯನ್ನು ಪ್ರತಿ ಸಬ್‌ನೆಟ್‌ನಲ್ಲಿ ಒಂದು ಯಂತ್ರ ಇಟ್ಟುಕೊಳ್ಳುತ್ತದೆ, ಅದು ಅಲ್ಲಿಯ ಮಾಸ್ಟರ್ ಬ್ರೌಸರ್. ಯಾರು ಮಾಸ್ಟರ್ ಎಂಬುದು ಚುನಾವಣೆಯಲ್ಲಿ ತೀರ್ಮಾನವಾಗುತ್ತದೆ. ಪ್ರತಿ ಯಂತ್ರಕ್ಕೂ ಒಂದು ಅಂಕವಿದೆ: ವಿಂಡೋಸ್ 95ಕ್ಕೆ 1, ಎನ್‌ಟಿ ವರ್ಕ್‌ಸ್ಟೇಷನ್‌ಗೆ 16, ಎನ್‌ಟಿ ಸರ್ವರ್‌ಗೆ 32. ಅಂಕ ಹೆಚ್ಚಿದ್ದವರು ಗೆಲ್ಲುತ್ತಾರೆ. ಗೆದ್ದ ಯಂತ್ರಕ್ಕೆ ಉಳಿದವು ಯುಡಿಪಿ 138ರ ಮೇಲೆ ತಾವು ಇದ್ದೇವೆಂದು ಸಾರುತ್ತವೆ. ಆರಂಭದಲ್ಲಿ ನಿಮಿಷಕ್ಕೊಮ್ಮೆ, ಆಮೇಲೆ 12 ನಿಮಿಷಕ್ಕೊಮ್ಮೆ. ಮೂರು ಸಲ ಸಾರದಿದ್ದರೆ ಹೆಸರು ಅಳಿಸಿಹೋಗುತ್ತದೆ. ಬಂದ್ ಮಾಡಿದ ಯಂತ್ರ ಅರ್ಧ ಗಂಟೆಗೂ ಹೆಚ್ಚು ಕಾಲ ಪಟ್ಟಿಯಲ್ಲಿ ಉಳಿಯುತ್ತಿದ್ದದ್ದು ಇದಕ್ಕೇ.

ಈಗ ಗಡಿಯ ಪ್ರಶ್ನೆ. ಒಂದು ಸಬ್‌ನೆಟ್‌ನ ಮಾಸ್ಟರ್ ಬಳಿ ತನ್ನ ಸಬ್‌ನೆಟ್‌ನ ಹೆಸರುಗಳು ಮಾತ್ರ ಇರುತ್ತವೆ. ಎಲ್ಲ ಮಾಸ್ಟರ್‌ಗಳ ಪಟ್ಟಿಯನ್ನು ಒಟ್ಟುಗೂಡಿಸುವ ಇನ್ನೊಬ್ಬ ಬೇಕು. ಅದು ಡೊಮೇನ್ ಮಾಸ್ಟರ್ ಬ್ರೌಸರ್. ಅದು ವಿಶೇಷ ಗುರುತಿನ ಹದಿನಾರನೆಯ ಬೈಟ್ ಇರುವ ಹೆಸರನ್ನು ವಿನ್ಸ್‌ನಲ್ಲಿ ಬರೆಸಿರುತ್ತದೆ. ಪ್ರತಿ ಸಬ್‌ನೆಟ್‌ನ ಮಾಸ್ಟರ್ ವಿನ್ಸ್ ಅನ್ನು ಕೇಳಿ ಅದರ ವಿಳಾಸ ಪಡೆದು, ನೇರ ಪತ್ರ ಕಳಿಸಿ, ತನ್ನ ಪಟ್ಟಿಯನ್ನು ಕೊಟ್ಟು ಒಟ್ಟು ಪಟ್ಟಿಯನ್ನು ತರುತ್ತದೆ. ಕೂಗು ಸಬ್‌ನೆಟ್‌ನ ಒಳಗಷ್ಟೇ. ಗಡಿ ದಾಟುವುದೆಲ್ಲ ವಿಳಾಸ ಬರೆದ ಪತ್ರ.

ಮೈಕ್ರೋಸಾಫ್ಟ್‌ನ ಏರ್ಪಾಟಿನಲ್ಲಿ ಈ ಒಟ್ಟುಗೂಡಿಸುವ ಕೆಲಸ ಡೊಮೇನ್ ನಡೆಸುವ ಎನ್‌ಟಿ ಸರ್ವರಿನದು. ಬರಿಯ ವರ್ಕ್‌ಗ್ರೂಪ್, ಅಂದರೆ ಅಂಥ ಸರ್ವರಿಲ್ಲದ ಗುಂಪು, ಮಾಡಿಕೊಂಡು ದುಡಿಯುವ ಸಣ್ಣ ಕಚೇರಿಗಳಿಗೆ ಗಡಿ ದಾಟುವ ದಾರಿಯೇ ಇರಲಿಲ್ಲ. ಸಾಂಬಾ ತಂಡದ ದೊಡ್ಡ ಕೊಡುಗೆ ಇಲ್ಲಿದೆ. ಪ್ಯಾಕೆಟ್‌ಗಳನ್ನು ನೋಡಿ ಈ ಇಡೀ ಚುನಾವಣೆ, ಪತ್ರ, ಪಟ್ಟಿಗಳ ನಡವಳಿಕೆಯನ್ನು ಅವರು ಬಿಡಿಸಿ, ಎನ್‌ಎಂಬಿಡಿ ಎಂಬ ಪ್ರೋಗ್ರಾಮಿನಲ್ಲಿ ಬರೆದರು. ‘ವಿನ್ಸ್ ಸಪೋರ್ಟ್’ ಎಂಬ ಒಂದು ಸಾಲು ಬರೆದರೆ ಹಳೆಯ ಪಿಸಿಯೊಂದು ಹೆಸರಿನ ಸರ್ವರ್ ಆಗುತ್ತಿತ್ತು. ‘ಡೊಮೇನ್ ಮಾಸ್ಟರ್’ ಎಂಬ ಇನ್ನೊಂದು ಸಾಲು ಬರೆದರೆ ಅದೇ ಪಿಸಿ ವರ್ಕ್‌ಗ್ರೂಪಿನ ಎಲ್ಲ ಸಬ್‌ನೆಟ್‌ಗಳ ಪಟ್ಟಿಯನ್ನು ಕೂಡಿಸುತ್ತಿತ್ತು. ಅದರ ಚುನಾವಣಾ ಅಂಕವನ್ನು 65ಕ್ಕೆ ಏರಿಸಿದರೆ ಎದುರಾಳಿಯೇ ಇಲ್ಲ. ಎಚ್ಚರಿಕೆಯನ್ನೂ ಅವರು ಬರೆದಿಟ್ಟರು: ಎನ್‌ಟಿ ಡೊಮೇನ್ ಇರುವಲ್ಲಿ ಅದರ ಕೆಲಸವನ್ನು ಕಸಿಯಬೇಡಿ, ಸಾಂಬಾದ ವಿನ್ಸ್ ಜಾಲದಲ್ಲಿ ಒಂದೇ ಇರಲಿ.

ವಿನ್ಸ್ ಕೂಡ ಇಲ್ಲದವರಿಗಾಗಿ ಅವರು ಇನ್ನೆರಡು ದಾರಿ ತೆರೆದರು. ‘ರಿಮೋಟ್ ಅನೌನ್ಸ್’ ಬರೆದರೆ ಸಾಂಬಾ ತಾನಿರುವುದನ್ನು ದೂರದ ಸಬ್‌ನೆಟ್‌ಗೆ ಆಗಾಗ ತಿಳಿಸುತ್ತದೆ. ‘ರಿಮೋಟ್ ಬ್ರೌಸ್ ಸಿಂಕ್’ ಬರೆದರೆ ಬೇರೆ ಸಬ್‌ನೆಟ್‌ನ ಸಾಂಬಾ ಮಾಸ್ಟರ್ ಜೊತೆ ಪಟ್ಟಿ ಹೊಂದಿಸಿಕೊಳ್ಳುತ್ತದೆ. ಮೊದಮೊದಲು ದೂರದ ಸಬ್‌ನೆಟ್‌ನ ಬ್ರಾಡ್‌ಕಾಸ್ಟ್ ವಿಳಾಸಕ್ಕೇ ಸಾರಿಕೆ ಕಳಿಸುವುದಿತ್ತು. ಆ ಬಾಗಿಲು ಮುಂದೆ ಮುಚ್ಚಿತು. ಅಂಥ ವಿಳಾಸಗಳನ್ನು ಬಳಸಿ ಜಾಲಗಳನ್ನು ಮುಳುಗಿಸುವ ‘ಸ್ಮರ್ಫ್’ ದಾಳಿಗಳು ಹೆಚ್ಚಿದ್ದರಿಂದ ಆಗಸ್ಟ್ 1999ರ ಆರ್‌ಎಫ್‌ಸಿ 2644 ಅವನ್ನು ರೌಟರ್‌ಗಳು ತಾವಾಗಿಯೇ ತಡೆಯಬೇಕೆಂದು ಹೇಳಿತು. ಅಂದಿನಿಂದ ಆಚೆ ಕಡೆಯ ಮಾಸ್ಟರ್ ಬ್ರೌಸರಿನ ಸ್ವಂತ ಐಪಿ ಸಂಖ್ಯೆಗೇ ಬರೆಯುವುದು ಪದ್ಧತಿಯಾಯಿತು.

ಕಿವಿಗೊಟ್ಟು ಕಲಿಯುವ ಅನಿವಾರ್ಯವೂ ಕೊನೆಗೊಮ್ಮೆ ತಪ್ಪಿತು. ಈ ನಿಯಮಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡದಿದ್ದುದು ಯುರೋಪಿನಲ್ಲಿ ಮೈಕ್ರೋಸಾಫ್ಟ್ ಮೇಲಿನ ಮೊಕದ್ದಮೆಯ ಒಂದು ಮುಖ್ಯ ಅಂಶ. ಮಾರ್ಚ್ 2004ರಲ್ಲಿ ಯುರೋಪಿಯನ್ ಕಮಿಷನ್ 49.7 ಕೋಟಿ ಯೂರೊ ದಂಡ ಹಾಕಿತು. 17 ಸೆಪ್ಟೆಂಬರ್ 2007ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್ 20ರಂದು ಆದ ಒಪ್ಪಂದದಂತೆ ಒಂದೇ ಸಲದ 10,000 ಯೂರೊ ಶುಲ್ಕಕ್ಕೆ ಆ ದಾಖಲೆಗಳು ಸಾಂಬಾ ತಂಡದಂಥ ಮುಕ್ತ ತಂತ್ರಾಂಶದವರ ಕೈಸೇರಿದವು.

ಅದೇ ಗೋಡೆ, ಬೇರೆ ಮನೆಗಳಲ್ಲಿ

ಆಪಲ್ ಕಡೆಯೂ ಇದೇ ಗಂಟು. ಆ ಕಂಪನಿಯ ಹಳೆಯ ಆಪಲ್‌ಟಾಕ್ ಜಾಲದಲ್ಲಿ ರೌಟರ್‌ಗಳೇ ಹೆಸರಿನ ಹುಡುಕಾಟವನ್ನು ವಲಯದಿಂದ ವಲಯಕ್ಕೆ ದಾಟಿಸುತ್ತಿದ್ದವು. ಆಪಲ್‌ನ ಎಂಜಿನಿಯರ್ ಸ್ಟುವರ್ಟ್ ಚೆಶೈರ್ ಆ ಸುಲಭವನ್ನು ಇಂಟರ್‌ನೆಟ್ ನಿಯಮಗಳ ಮೇಲೆ ಮತ್ತೆ ಕಟ್ಟಲು ಹೊರಟರು. 2002ರ ರಾಂಡೆವೂ, ಮುಂದೆ ಬಾಂಜೂರ್ ಎನಿಸಿಕೊಂಡದ್ದು, ಅದರ ಫಲ. ಆದರೆ ಅದರ ಸಾರಿಕೆ 224.0.0.251 ಎಂಬ ಮಲ್ಟಿಕಾಸ್ಟ್ (ಒಂದು ಗುಂಪಿಗೆ ಸಾರುವ) ವಿಳಾಸಕ್ಕೆ ಹೋಗುತ್ತದೆ, ರೌಟರ್ ಅದನ್ನು ದಾಟಿಸುವುದಿಲ್ಲ. 2012ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ನೆಟ್‌ವರ್ಕ್ ಸಿಬ್ಬಂದಿ ಸಬ್‌ನೆಟ್ ದಾಟುವ ವ್ಯವಸ್ಥೆ ಬೇಕೆಂದು ಆಪಲ್‌ಗೆ ಮನವಿ ಸಲ್ಲಿಸಿದರು. ಜೂನ್ 2020ರಲ್ಲಿ ಚೆಶೈರ್ ಅವರೇ ಬರೆದ ಆರ್‌ಎಫ್‌ಸಿ 8766 ಅದಕ್ಕೊಂದು ಉತ್ತರ. ಪ್ರತಿ ಸಬ್‌ನೆಟ್‌ನಲ್ಲಿ ಒಂದು ಯಂತ್ರ ಅಲ್ಲಿಯ ಸಾರಿಕೆ ಕೇಳಿಸಿಕೊಂಡು, ಹೊರಗಿನವರು ಸಾಮಾನ್ಯ ಡಿಎನ್‌ಎಸ್ (ಇಂಟರ್‌ನೆಟ್‌ನ ಹೆಸರಿನ ಸರ್ವರ್) ಮೂಲಕ ಕೇಳಿದಾಗ ಹೇಳುತ್ತದೆ. ಒಳಗೆ ಸಾರಿಕೆ, ಗಡಿಯಲ್ಲಿ ನೇರ ಪತ್ರ. ಮೈಕ್ರೋಸಾಫ್ಟ್ ಮತ್ತು ಸಾಂಬಾ ಮುಟ್ಟಿದ ತೀರ್ಮಾನವನ್ನೇ ಆಪಲ್ ಕೂಡ ಮುಟ್ಟಿತು.

ಇನ್ನು 2017. ಮೇ 12ರಂದು ವಾನಾಕ್ರೈ ವೈರಸ್ ಹಳೆಯ ಎಸ್‌ಎಂಬಿ 1ರ ದೋಷ ಹಿಡಿದು ಜಗತ್ತಿನ ಕಂಪ್ಯೂಟರುಗಳಿಗೆ ಬಡಿಯಿತು. ಅಕ್ಟೋಬರ್‌ನ ವಿಂಡೋಸ್ 10 ಪರಿಷ್ಕರಣೆಯಿಂದ ಮೈಕ್ರೋಸಾಫ್ಟ್ ಎಸ್‌ಎಂಬಿ 1 ಅನ್ನು ಕೈಬಿಡತೊಡಗಿತು. ಹಳೆಯ ಬ್ರೌಸರ್ ಪಟ್ಟಿ ಅದರ ಮೇಲೆಯೇ ನಿಂತಿದ್ದರಿಂದ ಅದೂ ಹೋಯಿತು. ಒಳ್ಳೆಯ ನಿರ್ಧಾರವೇ. ಆದರೆ ಪಟ್ಟಿಯಲ್ಲಿ ಕಾಣುತ್ತಿದ್ದ ಲಿನಕ್ಸ್ ಸರ್ವರುಗಳು ರಾತ್ರೋರಾತ್ರಿ ಮರೆಯಾದವು, ಪಕ್ಕದ ಮೇಜಿನವು ಕೂಡ. ಹೊಸ ವಿಂಡೋಸ್ ಪಟ್ಟಿ ಮಾಡುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ಪದ್ಧತಿಯಿಂದ, 239.255.255.250 ವಿಳಾಸದ ಯುಡಿಪಿ 3702ರ ಮೇಲೆ. ಸಾಂಬಾಗೆ ಆ ಮಾತು ಬರುತ್ತಿರಲಿಲ್ಲ. ಸ್ಟೆಫೆನ್ ಕ್ರಿಸ್ಟ್‌ಗಾವ್ ಎಂಬ ಡೆವಲಪರ್ ಪೈಥಾನ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಪ್ರೋಗ್ರಾಂ ಬರೆದು ಕೊಟ್ಟರು. ಅದನ್ನು ಓಡಿಸಿದರೆ ಸರ್ವರ್ ಮತ್ತೆ ಕಾಣುತ್ತದೆ, ಆದರೆ ತನ್ನ ಸಬ್‌ನೆಟ್‌ನಲ್ಲಿ ಮಾತ್ರ.

ನಮ್ಮ ಶಾಲೆಗೆ ಏನು ಬೇಕು

ಇಷ್ಟು ಕತೆಯಿಂದ ಜತ್ತದ ಒಂದು ಶಾಲೆಯ ಶಿಕ್ಷಕರು ಕೈಗೆತ್ತಿಕೊಳ್ಳಬೇಕಾದದ್ದು ಬಹಳ ಇಲ್ಲ. ಕಚೇರಿ 192.168.1ರಲ್ಲಿ, ಲ್ಯಾಬ್ 192.168.2ರಲ್ಲಿ ಇದೆ ಎಂದುಕೊಳ್ಳಿ. ಮೊದಲು ಲ್ಯಾಬಿನಿಂದ ಸರ್ವರಿನ ಐಪಿ ಸಂಖ್ಯೆ ಒತ್ತಿ ನೋಡಿ. ತೆರೆಯದಿದ್ದರೆ ತಪ್ಪು ಹೆಸರಿನದಲ್ಲ, ದಾರಿಯದು: ರೌಟರ್ ಟಿಸಿಪಿ 445ನ್ನು ಬಿಡುತ್ತಿದೆಯೇ ನೋಡಬೇಕು. ಸರ್ವರ್ ವಿಂಡೋಸ್ ಆಗಿದ್ದರೆ ಅದರ ಫೈರ್‌ವಾಲ್ ಸಾಮಾನ್ಯವಾಗಿ ತನ್ನ ಸಬ್‌ನೆಟ್‌ನವರಿಗೆ ಮಾತ್ರ ಕಡತ ಕೊಡುತ್ತದೆ, ಆ ನಿಯಮಕ್ಕೆ ಲ್ಯಾಬಿನ ಸಬ್‌ನೆಟ್ ಸೇರಿಸಬೇಕು. ದಾರಿ ಸರಿಯಾದ ಮೇಲೆ ಹೆಸರು. ರೌಟರಿನ ಡಿಎನ್‌ಎಸ್‌ನಲ್ಲಿ ಸರ್ವರಿಗೆ ಒಂದು ಹೆಸರು ಬರೆಸಿ, ಲ್ಯಾಬಿನ ಪ್ರತಿ ಕಂಪ್ಯೂಟರಿನಲ್ಲಿ ಆ ಹೆಸರಿನ ಶಾರ್ಟ್‌ಕಟ್ ಇಡಿ. ವಿನ್ಸ್ ಮಾಡುತ್ತಿದ್ದ ಕೆಲಸ ಇಂದು ಡಿಎನ್‌ಎಸ್‌ನದು.

ಪಟ್ಟಿಯಲ್ಲಿಯೂ ಕಾಣಲೇಬೇಕೆಂದರೆ ಸರ್ವರಿಗೆ ಲ್ಯಾಬಿನ ಸಬ್‌ನೆಟ್‌ನಲ್ಲಿಯೂ ಒಂದು ಕಾಲು ಕೊಡಿ, ಅಂದರೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಅಥವಾ ವಿಎಲ್ಎಎನ್. ಎರಡೂ ಕಡೆ ಡಬ್ಲ್ಯುಎಸ್‌ಡಿಡಿ ಓಡಲಿ. ಎಸ್‌ಎಂಬಿ 1 ಅನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಚಾಲೂ ಮಾಡಬೇಡಿ. ಪಟ್ಟಿ ಮರಳಿ ಬರುತ್ತದೆ ಎಂದು ಅನೇಕ ಕಡೆ ಹಾಗೆ ಸಲಹೆ ಕೊಡುತ್ತಾರೆ. ಅದು ವಾನಾಕ್ರೈ ಒಳನುಗ್ಗಿದ ಕಿಟಕಿಯನ್ನೇ ತೆರೆದಿಡುವ ಸಲಹೆ. 2019ರ ಸಾಂಬಾ 4.11ರಿಂದ ಸಾಂಬಾ ತಂಡವೂ ಅದನ್ನು ಮುಚ್ಚಿಯೇ ಕೊಡುತ್ತಿದೆ. 445ನೆಯ ಪೋರ್ಟ್ ಶಾಲೆಯ ಆವರಣದೊಳಗೇ ಇರಲಿ, ಇಂಟರ್‌ನೆಟ್ ಕಡೆ ತೆರೆಯುವುದು ಬೇಡ.

ಸಾಂಬಾ, ಲಿನಕ್ಸ್, ಡಬ್ಲ್ಯುಎಸ್‌ಡಿಡಿ ಮೂರಕ್ಕೂ ಪರವಾನಗಿ ಶುಲ್ಕವಿಲ್ಲ, ಮೂರರ ಒಳಗನ್ನೂ ತೆರೆದು ಓದಬಹುದು. ಟ್ರಿಜೆಲ್ ಮೊದಲು ಬರೆದಂಥ ಪ್ಯಾಕೆಟ್ ಹಿಡಿಯುವ ಸಾಧನ ಈಗ ವೈರ್‌ಶಾರ್ಕ್ ಎಂಬ ಹೆಸರಿನಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಜತ್ತದ, ಅಥಣಿಯ, ಕಾಸರಗೋಡಿನ ಹೈಸ್ಕೂಲು ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ: ಶಾಲೆಯವರ ಅನುಮತಿ ಪಡೆದು ಒಂದು ಮಧ್ಯಾಹ್ನ ಲ್ಯಾಬಿನ ತಂತಿಗೆ ಕಿವಿಗೊಡಿ. ಒಂದು ಕಂಪ್ಯೂಟರ್ ಚಾಲೂ ಮಾಡಿ, ಅದು ಯಾವ ವಿಳಾಸಕ್ಕೆ ಏನು ಸಾರುತ್ತದೆ, ರೌಟರಿನ ಆಚೆ ಅದರಲ್ಲಿ ಎಷ್ಟು ತಲುಪುತ್ತದೆ ಎಂದು ಬರೆದಿಡಿ. ಕಂಡದ್ದನ್ನು ಕನ್ನಡದಲ್ಲಿ ಬರೆದು ಪಕ್ಕದ ಶಾಲೆಗೆ ಕೊಡಿ. ಟ್ರಿಜೆಲ್ ಕೆಲಸ ಶುರುವಾದದ್ದೂ ಹೀಗೆಯೇ.